ಶೇಟೆ ಅಂಗಡಿಯ ಕೆಂಪು

ಕೊಲ್ಹಾಪುರದಲ್ಲಿ ಮನೆಯ ಹಿರಿಯರು ತೀರಿಕೊಂಡರೆ ವರ್ಷಾಂತಿಕ ಬರುವಷ್ಟರಲ್ಲಿ ಅವರ ತೈಲಚಿತ್ರ ಪಡಸಾಲೆಯ ಗೋಡೆಯ ಮೇಲಿರಬೇಕು ಎಂಬ ರೂಢಿ ಮೊನ್ನೆಮೊನ್ನೆಯವರೆಗೂ ಇತ್ತು. ಫೋಟೊ ಯಾರು ಬೇಕಾದರೂ ಹಾಕಿಸುತ್ತಾರೆ. ಕಪ್ಪು ಕೋಟು ತೊಟ್ಟು, ತಲೆಗೆ ಗುಲಾಬಿ ಫೇಟಾ ಸುತ್ತಿ ಕೂತ ಅಪ್ಪನನ್ನು ಎಣ್ಣೆಬಣ್ಣದಲ್ಲಿ ಬರೆಸಿದರೆ ಮಕ್ಕಳು ಬೀದಿಗೆ ಬಿದ್ದಿಲ್ಲ ಎಂದು ಬೀಗರಿಗೆ ಖಾತ್ರಿಯಾಗುತ್ತಿತ್ತು.

ಹಿಂದೂರಾವ್ ಸುತಾರ ಅಂಥ ಚಿತ್ರಗಳನ್ನು ಬರೆದೇ ಬದುಕಿದವನು. ಮಂಗಳವಾರ ಪೇಟೆಯಲ್ಲಿ ಎರಡು ಖೋಲಿಯ ಮನೆ, ಹೆಂಡತಿ ಅಕ್ಕಾತಾಯಿ, ಮದುವೆಯಾಗಿ ಸಾಂಗ್ಲಿಗೆ ಹೋದ ಒಬ್ಬಳು ಮಗಳು. 1968ರಿಂದ ಮೂವತ್ತು ವರ್ಷಗಳಲ್ಲಿ ಅವನು ಇನ್ನೂರಕ್ಕೂ ಹೆಚ್ಚು ಸತ್ತವರನ್ನು ಬರೆದ. ಅವರಲ್ಲಿ ಮೊದಲ ಎಪ್ಪತ್ತು ಮಂದಿ ಈಗಲೂ ಕೆಂಪಗಿದ್ದಾರೆ. ಉಳಿದವರು ಹಸಿರಾದರು.

ಹಸಿರಾಗಲು ಕಾರಣವಾದದ್ದು ಮಹಾದ್ವಾರ ರಸ್ತೆಯ ಹಿಂದಿನ ಗಲ್ಲಿಯಲ್ಲಿರುವ ಶೇಟೆಯವರ ಬಣ್ಣದ ಅಂಗಡಿ. ಆ ಅಂಗಡಿ ಅವನಿಗೆ ಮನೆಗಿಂತ ಹೆಚ್ಚಾಗಿತ್ತು.

ಅಂಗಡಿಯ ಬಾಗಿಲು ಪಡುವಣಕ್ಕೆ. ಬಾಗಿಲ ಪಕ್ಕ ಹಲಸಿನ ಹಲಗೆಯ ಬೆಂಚು. ಊರಿನ ಪೇಂಟರುಗಳು ಮಧ್ಯಾಹ್ನ ಊಟ ಮುಗಿಸಿ ಬಂದು ಅಲ್ಲಿ ಕೂರುತ್ತಾರೆ. ಒಳಗೆ ತೇಗದ ಕಪಾಟುಗಳು, ಗಾಜಿನ ಕಟ್ಟೆ, ಅಗಸೆ ಎಣ್ಣೆಯ ವಾಸನೆ. ಹಿಂದಿನ ಖೋಲಿಯಲ್ಲಿ ಒಂದು ಅಮೃತಶಿಲೆಯ ಚಪ್ಪಡಿ. ಅಂಗಡಿ ಹಾಕಿದ ಆಬಾ ಶೇಟೆ ಅದರ ಮೇಲೆ ನಲವತ್ತು ವರ್ಷ ಬಣ್ಣ ಅರೆದಿದ್ದರು. ನಡುವೆ ತಾಟಿನಷ್ಟು ಅಗಲ ತಗ್ಗು ಬಿದ್ದಿತ್ತು. ಉಳಿದ ಬಣ್ಣಗಳನ್ನು ಅವರು ಮುಂಬಯಿಯಿಂದ ತರಿಸಿ ಮಾರುತ್ತಿದ್ದರು. ಕೆಂಪನ್ನು ಮಾತ್ರ ತಾವೇ ಮಾಡುತ್ತಿದ್ದರು. ಇಂಗಳೀಕದ ಕೆಂಪು ಕಲ್ಲನ್ನು ಎಣ್ಣೆಯಲ್ಲಿ ಮೂರು ದಿನ ಅರೆದು ಸೀಸದ ಟ್ಯೂಬಿಗೆ ತುಂಬಿ, ‘ಶೇಟೆ ಲಾಲ್’ ಎಂಬ ಚೀಟಿ ಅಂಟಿಸುತ್ತಿದ್ದರು.

ಹಿಂದೂರಾವನ ಅಪ್ಪ ಚೌಕಟ್ಟು ಮಾಡುವ ಬಡಗಿ. ಚೌಕಟ್ಟು ತಲುಪಿಸಲು ಬಂದು ಬಂದು ಮಗ ಚಿತ್ರಕ್ಕೆ ಬಿದ್ದ. ಮೊದಲ ಗಿರಾಕಿ ಸಿಕ್ಕ ದಿನ ಆಬಾ ಅವನ ಕೈಗೆ ಒಂದು ಕೆಂಪು ಟ್ಯೂಬು ಇಟ್ಟು, "ದುಡ್ಡ ಬ್ಯಾಡ. ಬ್ಯಾರೆ ಕಡೆ ಕೆಂಪ ಕೊಳ್ಳಬ್ಯಾಡ, ಅಷ್ಟ," ಅಂದಿದ್ದರು. ಅವನು ಆ ಮಾತನ್ನು ವ್ರತದ ಹಾಗೆ ಹಿಡಿದ.

ಅವನ ಕೆಲಸದ ರೀತಿ ಹಳೆಯದು. ಮೊದಲು ಇಡೀ ಮುಖವನ್ನು ಹಸಿರು ಮಣ್ಣಿನ ಬಣ್ಣದಲ್ಲಿ ಬರೆಯಬೇಕು. ಮೂಳೆ, ಕಣ್ಣಿನ ಗುಳಿ, ಗದ್ದದ ನೆರಳು ಎಲ್ಲವೂ ಹಸಿರಿನಲ್ಲೇ ಮೂಡಬೇಕು. ಇದಕ್ಕೆ ಪೇಂಟರುಗಳು ‘ಹೆಣ ಬರೆಯೋದು’ ಅನ್ನುತ್ತಾರೆ. ಅದು ಒಣಗಿದ ಮೇಲೆ ಅದರ ಮೇಲೆ ಅರಿಸಿನ ಮಣ್ಣು, ಬಿಳಿ. ಎಲ್ಲಕ್ಕೂ ಕೊನೆಗೆ, ನೀರಿನಷ್ಟು ತೆಳ್ಳಗೆ ಕೆಂಪು. ಕೆಳಗಿನ ಹಸಿರು ಮೇಲಿನ ಕೆಂಪಿನೊಳಗಿಂದ ಇಣುಕಿದಾಗಲೇ ಚರ್ಮ ಚರ್ಮದಂತೆ ಕಾಣುತ್ತದೆ. ಈ ಕೊನೆಯ ದಿನಕ್ಕೆ ‘ರಕ್ತ ಹಚ್ಚೋದು’ ಎಂದು ಹೆಸರು. ಅಂದು ಮನೆಮಂದಿಯೆಲ್ಲ ಬರುತ್ತಾರೆ, ಚಿತ್ರದ ಮುಂದೆ ದೀಪ ಹಚ್ಚುತ್ತಾರೆ. ಪೇಂಟರು ಮೂಗು, ಗಲ್ಲ, ತುಟಿ ಮುಗಿಸಿ ಕಿವಿಗೆ ಬರುವ ಹೊತ್ತಿಗೆ ಯಾರಾದರೂ ಬಿಕ್ಕಲೇಬೇಕು. ಹಿಂದೂರಾವನ ಹೆಸರು ನಿಂತಿದ್ದೇ ಕಿವಿಯ ಮೇಲೆ. ಬೆನ್ನ ಹಿಂದೆ ಬಿಸಿಲಿದ್ದಾಗ ಕಿವಿಯ ಅಂಚು ಹೇಗೆ ಕೆಂಪಾಗಿ ಹೊಳೆಯುತ್ತದೋ ಹಾಗೆ ಅವನು ಬರೆಯುತ್ತಿದ್ದ. ವಿಧವೆಯರು ಗುರುತಿಸುತ್ತಿದ್ದುದು ಕಿವಿಯನ್ನೇ.

1978ರಲ್ಲಿ ಆಬಾ ತೀರಿಕೊಂಡರು. ಮರುವರ್ಷ ಹಿಂದೂರಾವ್ ಅವರ ಚಿತ್ರ ಬರೆದು, ಅವರೇ ಅರೆದಿಟ್ಟ ಕೆಂಪಿನಿಂದ ರಕ್ತ ಹಚ್ಚಿ ಅಂಗಡಿಗೆ ಕೊಟ್ಟ. ಗಾಜಿನ ಕಟ್ಟೆಯ ಹಿಂದೆ, ಸಂಜೆಯ ಬಿಸಿಲು ನೇರ ಬೀಳುವ ಗೋಡೆಯ ಮೇಲೆ ಅದು ಈಗಲೂ ಇದೆ.

ಅಂಗಡಿ ಮಗ ವೀರಭದ್ರನ ಕೈಗೆ ಬಂತು. ಊರು ಅವನನ್ನು ಅಣ್ಣಾ ಎಂದು ಕರೆಯುತ್ತಿತ್ತು. ಎರಡು ವರ್ಷ ಕಳೆದ ಮೇಲೆ ಶೇಟೆ ಲಾಲ್‌ನ ಟ್ಯೂಬು ಇದ್ದಕ್ಕಿದ್ದಂತೆ ಹಗುರಾಯಿತು. ಹಿಂದೂರಾವ್ ಅದನ್ನು ಅಂಗೈಯಲ್ಲಿ ತೂಗಿ ನೋಡಿ ಕೇಳಿದ್ದ.

"ಏನ ಅಣ್ಣಾ, ಹಗರ ಆಗೈತಿ?"

"ಸೀಸಾ ಬಿಟ್ಟ ಅಲ್ಯುಮಿನಿಯಂ ಹಾಕಿಸೇನಿ," ಅಂದಿದ್ದ ಅಣ್ಣಾ. "ನಿನ್ನ ಚೀಲಾ ಹೊರೋದು ತಪ್ಪತು ಅನ್ಕೋ."

ಟ್ಯೂಬು ಅಲ್ಯುಮಿನಿಯಮ್ಮಿನದು ಅನ್ನುವುದು ನಿಜವೇ ಆಗಿತ್ತು. ಹಿಂದೂರಾವ್ ಮತ್ತೆ ಕೇಳಲಿಲ್ಲ.

ಬೆಂಚಿನ ಒಳತುದಿ, ಕಪಾಟಿಗೆ ಒರಗಬಹುದಾದ ಜಾಗ, ಅವನದು. ಕಲಾಶಾಲೆಯ ಹುಡುಗರು ಅಳಿಲಿನ ಕೂದಲ ಕುಂಚ ಕೇಳಿದರೆ ಅಣ್ಣಾ ಇಡೀ ಕಟ್ಟನ್ನು ಹಿಂದೂರಾವನ ಮುಂದೆ ಇಡುತ್ತಿದ್ದ. ಅವನು ಒಂದೊಂದನ್ನೇ ತುಟಿಗೆ ಹಚ್ಚಿ ಮೊನೆ ಮಾಡಿ, ಉಗುರಿನ ಮೇಲೆ ಗೆರೆ ಎಳೆದು, ಒಳ್ಳೆಯದನ್ನು ಆರಿಸಿಕೊಡುತ್ತಿದ್ದ. ಇಪ್ಪತ್ತು ವರ್ಷ ಹೀಗೆ ಆರಿಸಿದ. ಅಣ್ಣಾನ ಗಿರಾಕಿಗಳು ಹೆಚ್ಚಿದರು. ಬಂದವರಿಗೆಲ್ಲ ಅವನು ಹೇಳುತ್ತಿದ್ದ ಮಾತು ಒಂದೇ: ಶೇಟೆ ಲಾಲ್‌ನಂಥ ಕೆಂಪು ಮುಂಬಯಿಯಲ್ಲೂ ಸಿಗುವುದಿಲ್ಲ. ಸಿನೆಮಾ ಬ್ಯಾನರು ಬರೆಯುವ ಬಂಡಾ ಕಾಸಾರ ಅವನಿಗೆ ‘ಅಣ್ಣಾನ ಜಾವಾಯಿ’, ಅಂದರೆ ಅಳಿಯ, ಎಂದು ಹೆಸರಿಟ್ಟ. ಶೇಟೆಗೆ ಮಗಳೇ ಇರಲಿಲ್ಲ. ಹಿಂದೂರಾವನಿಗೆ ಆ ಹೆಸರು ಒಳಗೊಳಗೇ ಸಿಹಿಯಾಗಿತ್ತು.

1993ರ ಮಾರ್ಗಶಿರದಲ್ಲಿ ದಿನಕರ ಚೌಗುಲೆ ಬಂದ. ಬೆಲ್ಲದ ಅಡತಿ ವ್ಯಾಪಾರಿ. ಹಿಂದೆ ಒಬ್ಬ ಹಮಾಲ, ಅವನ ತಲೆಯ ಮೇಲೆ ಗೋಣಿತಟ್ಟು ಸುತ್ತಿದ ಚೌಕಟ್ಟು. ಅದನ್ನು ಹಿಂದೂರಾವನ ಮನೆಯ ಕಟ್ಟೆಗೆ ಒರಗಿಸಿದರು.

"ಪೇಂಟರ್, ಇವರ ಗುರುತ ಸಿಗತೈತೇನು?"

ಹಿಂದೂರಾವ್ ಗೋಣಿ ಸರಿಸಿದ. "ನಿಮ್ಮ ತಂದೆಯವರು."

"ನಮ್ಮಪ್ಪ ಗೋಧಿ ಬಣ್ಣದಾಂವ. ಇಂವ ಹೀರೀಕಾಯಿ ಬಣ್ಣದಾಂವ. ನಿನ್ನೆ ಮಗಳನ್ನ ನೋಡಾಕ ಇಸ್ಲಾಮಪುರದವರು ಬಂದಿದ್ರು. ಅವರೊಳಗ ಒಂದ ಮುದುಕಿ ಕೇಳತಾಳ, ಯಜಮಾನರು ಏನಾಗಿ ಹೋದ್ರು ಅಂತ. ಹಾರ್ಟ್ ಅಂದೆ. ಆಕಿ ನಂಬಲಿಲ್ಲ. ಔಷಧ ಕುಡದಂಗ ಕಾಣತಾರಲ್ಲ ಅಂದ್ಲು."

ಅಕ್ಕಾತಾಯಿ ನೀರು ತಂದಿಟ್ಟಳು. ಚಿತ್ರ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಪಾಪ ಹೆಣ್ಣುಮಗಳು ಅಳುತ್ತಿದ್ದಾಳೆಂದು ಚೌಗುಲೆ ತಿಳಿದ. ಅವಳು ನಗುತ್ತಿದ್ದಳು.

ಆ ಮುಖವನ್ನು ಬರೆದು ಹತ್ತು ವರ್ಷವಾಗಿತ್ತು. ಕೋಟು ಹಾಗೇ ಇತ್ತು, ಫೇಟಾ ಸ್ವಲ್ಪ ಮಾಸಿತ್ತು. ಮುಖದಲ್ಲಿ ಕೆಂಪಿನ ಗುರುತೇ ಇರಲಿಲ್ಲ. ಹಿಂದೂರಾವ್ ಮೊದಲ ವಾರ ಬರೆದ ಹೆಣ ಹತ್ತು ವರ್ಷ ಕಾದಿದ್ದು ಹೊರಗೆ ಬಂದು ಕೂತಿತ್ತು.

ಅದೇ ಮಧ್ಯಾಹ್ನ ಇಬ್ಬರೂ ಶೇಟೆ ಅಂಗಡಿಗೆ ಹೋದರು. ಬೆಂಚು ತುಂಬಿತ್ತು. ಅಣ್ಣಾ ಚಿತ್ರವನ್ನು ಬೆಳಕಿಗೆ ಹಿಡಿಸಿ ನೋಡಿದ, ಆಮೇಲೆ ಬೆರಳೆತ್ತಿ ತನ್ನ ಹಿಂದಿನ ಗೋಡೆ ತೋರಿಸಿದ.

"ಮ್ಯಾಲ ನೋಡ್ರಿ, ಚೌಗುಲೆ. ನಮ್ಮ ಆಬಾ. ಹದಿನಾಲ್ಕ ವರ್ಷ ಬಿಸಲಾಗ ನಿಂತಾನ. ಇದ ಅಂಗಡಿ ಲಾಲ್, ಇವಂದ ಕೈ. ಗಲ್ಲ ನೋಡ್ರಿ, ಈಗ ಚಾ ಕುಡದ ಎದ್ದಂಗ ಐತಿ."

"ಮತ್ತ ನಮ್ಮಪ್ಪಗ ಯಾಕ ಹಿಂಗಾತು?"

"ಬಣ್ಣ ಮಾರೋದಷ್ಟ ನನ್ನ ಕೆಲಸ. ಹಚ್ಚಿದ ಕೈನ್ನ ಕೇಳ್ರಿ." ಆಮೇಲೆ ಹಿಂದೂರಾವನ ಕಡೆ ತಿರುಗಿ, ಮೆತ್ತಗೆ, "ಏನಪಾ, ತೀರಾ ತೆಳ್ಳಗ ಹಚ್ಚಿದ್ದೇನು?"

ಹಿಂದೂರಾವ್ ಗೋಡೆಯ ಮೇಲಿನ ಆಬಾನನ್ನು ನೋಡಿದ, ಕೆಳಗಿನ ಹಸಿರು ಚೌಗುಲೆಯನ್ನು ನೋಡಿದ. ಅಣ್ಣಾ ಸುಳ್ಳು ಹೇಳಿಯಾನು ಎಂಬುದು ಅವನ ತಲೆಗೆ ಬರಲಿಲ್ಲ.

"ಹಚ್ಚಿರಬೇಕು, ಅಣ್ಣಾ," ಅಂದ.

ಬೆಂಚಿನ ಮೇಲಿದ್ದ ಆರು ಪೇಂಟರುಗಳು ಈ ಮಾತು ಕೇಳಿದರು. ಸಂಜೆಯೊಳಗೆ ಊರು ಕೇಳಿತು.

ಆಮೇಲಿನ ಐದು ವರ್ಷ ಸತ್ತವರು ಮರಳಿ ಬರತೊಡಗಿದರು. ಕೈಗಾಡಿಯಲ್ಲಿ, ರಿಕ್ಷಾದಲ್ಲಿ, ಕೆಲವರು ಹಾಲಿನ ಟೆಂಪೋದಲ್ಲಿ. ಒಟ್ಟು ನಲವತ್ತು. ವಕೀಲರು, ಹಾಲಿನ ಸಂಘದ ಅಧ್ಯಕ್ಷರು, ಮೂವರು ಪೈಲವಾನರು, ಹದಿನೆಂಟಕ್ಕೇ ತೀರಿಹೋದ ಒಬ್ಬಳು ಸೊಸೆ. ಎಲ್ಲರೂ ಹಸಿರು. ಒಳಖೋಲಿಯಲ್ಲಿ ಅವರನ್ನು ಗೋಡೆಗೆ ಒರಗಿಸಿಟ್ಟರೆ ಹಾಸಿಗೆ ಬಿಚ್ಚಲು ಜಾಗ ಸಾಲುತ್ತಿರಲಿಲ್ಲ.

"ಇವರ ಮುಂದ ಲುಗಡಾ ಬದಲಿಸಾಕ ನಾಚಿಕಿ ಬರತೈತಿ," ಅನ್ನುತ್ತಿದ್ದಳು ಅಕ್ಕಾತಾಯಿ. "ಆ ಪೈಲವಾನ ನೋಡ್ರಿ, ಕಣ್ಣ ಮುಚ್ಚೋದ ಇಲ್ಲ. ಹಸರ ಆದ್ರೂ ಚಟಾ ಹೋಗಿಲ್ಲ."

ಊರು ಕಾರಣ ಹುಡುಕಿತು. ಕುಡಿಯುತ್ತಾನೆ ಅಂದರು, ಅವನು ಚಹಾ ಬಿಟ್ಟು ಬೇರೆ ಕುಡಿದವನಲ್ಲ. ಕಣ್ಣಿಗೆ ಪೊರೆ ಬಂದಿದೆ, ಕೆಂಪು ಹಸಿರು ತಿಳಿಯುವುದಿಲ್ಲ ಅಂದರು. ಬಿಂದು ಚೌಕದಲ್ಲಿ ಸಿಗ್ನಲ್ ದಾಟುವಾಗ ಯಾರೋ ಅವನ ಕೈ ಹಿಡಿದು, "ಪೇಂಟರ್, ಹಸರ ಬಂದೈತಿ, ನಡೀರಿ," ಅಂದು ನಕ್ಕರು. ಹೊಸ ಗಿರಾಕಿಗಳು ನಿಂತುಹೋದರು.

ಅವನು ಎಲ್ಲ ನಲವತ್ತು ಚಿತ್ರಗಳಿಗೂ ಪುಕ್ಕಟೆಯಾಗಿ ಮತ್ತೆ ರಕ್ತ ಹಚ್ಚಿದ. ತೆಳ್ಳಗಾದದ್ದೇ ತಪ್ಪೆಂದು ಈ ಸಲ ಎರಡು ಪದರ ಹಚ್ಚಿದ. ಬಣ್ಣ ಅದೇ ಅಂಗಡಿಯದು, ಅದೇ ಕೆಂಪು. ಇಪ್ಪತ್ತೆಂಟು ಮನೆಯವರು ಬಂದು ಒಯ್ದರು. ಹನ್ನೆರಡು ಮಂದಿಯನ್ನು ಯಾರೂ ಕೇಳಲಿಲ್ಲ. ಆ ಮನೆಗಳಲ್ಲಿ ಅಷ್ಟರಲ್ಲಿ ಹೊಸ ಸುಣ್ಣ ಬಣ್ಣ ಆಗಿತ್ತು, ಗೋಡೆಯ ಮುಂದೆ ಟಿವಿ ಬಂದಿತ್ತು.

1998ರ ಯುಗಾದಿ, ಗುಡಿ ಪಾಡವಾಕ್ಕೆ ಮುಂಚೆ ಮನೆಗೆ ಸುಣ್ಣ ಬಳಿಯುವಾಗ ಅಟ್ಟದ ಟ್ರಂಕಿನಿಂದ ಒಂದು ಹಳೆಯ ಟ್ಯೂಬು ಬಿತ್ತು. ಎತ್ತಿಕೊಂಡವಳು ಅಕ್ಕಾತಾಯಿ.

"ಇದರಾಗ ಕಲ್ಲ ತುಂಬೀರೇನ್ರಿ? ಕಾಲ ಮ್ಯಾಲ ಬಿದ್ದಿದ್ರ ಬೆರಳ ಹೋಗತಿತ್ತು."

ಆಬಾನ ಕಾಲದ ಸೀಸದ ಟ್ಯೂಬು. ಹಿಂದೂರಾವ್ ಉಳಿಯಿಂದ ಅದನ್ನು ಸೀಳಿದ. ಅಂಚೆಲ್ಲ ಕಲ್ಲಾಗಿತ್ತು. ನಡುವೆ ಅಡಿಕೆ ಹೋಳಿನಷ್ಟು ಮೆತ್ತಗೆ ಉಳಿದಿತ್ತು. ಅದನ್ನು ಎಲೆಯ ಮೇಲೆ ತೆಗೆದಿಟ್ಟು ಖಾಲಿ ಸೀಸವನ್ನು ಒಂದು ಕೈಯಲ್ಲಿ, ಹೊಸ ಟ್ಯೂಬನ್ನು ಇನ್ನೊಂದು ಕೈಯಲ್ಲಿ ಹಿಡಿದ. ಆಮೇಲೆ ಎಲೆಯ ಮೇಲಿನ ಬಣ್ಣವನ್ನು ಉಗುರಿನ ತುದಿಯಲ್ಲಿ ಎತ್ತಿ ನೋಡಿದ. ತೂಕ ಇದ್ದದ್ದು ಸೀಸದಲ್ಲಿ ಮಾತ್ರ ಅಲ್ಲ, ಬಣ್ಣದಲ್ಲೂ.

ಒಂದು ಬಿಳಿ ತಗಡಿನ ಮೇಲೆ ಎರಡು ಪಟ್ಟೆ ಎಳೆದ, ಮೇಲಿನದು ಆಬಾನ ಕೆಂಪು, ಕೆಳಗಿನದು ಈಗಿನ ಶೇಟೆ ಲಾಲ್. ಎರಡರ ಅರ್ಧಭಾಗಕ್ಕೂ ಹಂಚು ಮುಚ್ಚಿ, ಮಾಳಿಗೆಯ ಮೇಲೆ ಅಕ್ಕಾತಾಯಿ ಸಂಕೇಶ್ವರಿ ಮೆಣಸಿನಕಾಯಿ ಒಣಹಾಕುವ ಕಡೆ ಇಟ್ಟ. ಪಾಡವಾದಿಂದ ಮೃಗಶಿರ ಮಳೆಯವರೆಗೆ ಅದು ಅಲ್ಲೇ ಇತ್ತು. ಮಳೆ ಬಂದ ದಿನ ಅಕ್ಕಾತಾಯಿ ಮೆಣಸಿನಕಾಯಿ ಬಾಚುವಾಗ ಅವನು ಹಂಚು ಎತ್ತಿದ. ಮೇಲಿನ ಪಟ್ಟೆ ಬಿಸಿಲಿನ ಕಡೆ ಒಂಚೂರು ಕಪ್ಪಿಟ್ಟಿತ್ತು, ಅಷ್ಟೇ. ಕೆಳಗಿನ ಪಟ್ಟೆ ಹಂಚಿನಡಿ ಕುಂಕುಮದಂತಿತ್ತು. ಹಂಚಿನಾಚೆ ಬರೀ ತಗಡು.

"ಇನ್ನೂ ನೋಡ್ತ ನಿಂತೀರಲ್ಲ," ಅಂದಳು ಅಕ್ಕಾತಾಯಿ. "ನನ್ನ ಮೆಣಸಿನಕಾಯಿ ಬಣ್ಣ ಇದಕ್ಕಿಂತ ಚಲೋ ನಿಂತೈತಿ. ಇನ್ನ ಮುಂದ ಅದನ್ನ ಹಚ್ಚರಿ."

ಮರುದಿನ ಅವನು ತಗಡನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದ. ಮಳೆಗೆ ಬೆಂಚು ಖಾಲಿ ಇತ್ತು, ಬಂಡಾ ಕಾಸಾರ ಒಬ್ಬನೇ ಬೀಡಿ ಸೇದುತ್ತಿದ್ದ. ತಗಡು ಗಾಜಿನ ಕಟ್ಟೆಯ ಮೇಲೆ ಬಂತು. ಅಣ್ಣಾ ಕನ್ನಡಕ ಹಾಕಿಕೊಂಡು ಸಾವಕಾಶವಾಗಿ ನೋಡಿದ.

"ಚಲೋ ಪರೀಕ್ಷಾ ಮಾಡೀದಿ," ಅಂದ. "ಹದಿನೇಳ ವರ್ಷದ ಹಿಂದ ಮಾಡಬೇಕಿತ್ತು."

"ಇದು ಆಬಾನ ಬಣ್ಣ ಅಲ್ಲ."

"ಅಲ್ಲ. ಇಂಗಳೀಕಾ ಈಗ ಯಾರ ತರತಾರ, ಯಾರ ಅರೀತಾರ? ಇದು ಇಚಲಕರಂಜಿ ಸೀರಿ ಬಣ್ಣ, ಸುಣ್ಣದ ಪುಡ್ಯಾಗ ಕಲಸೇನಿ. ಕಾಲೇಜ ಹುಡುಗರು ಕೈ ತಿರುವಾಕ ಒಯ್ತಾರ. ಪರೀಕ್ಷಾ ಮುಗದ ಮ್ಯಾಲ ಅದರ ಮ್ಯಾಲ ಮತ್ತೊಂದ ಬರೀತಾರ. ಅವರಿಗೆ ಎಷ್ಟ ದಿನ ಬಾಳಿದ್ರೇನು?"

"ನನಗ ಹೇಳಬೇಕಿತ್ತು."

"ನೀ ಯಾವತ್ತ ಕೇಳಿದಿ? ಬಂಡಾ ಕೇಳಿದ, ಹೇಳಿದೆ. ಉಳಿದವರು ಕೇಳಿದ್ರು, ಹೇಳಿದೆ. ನೀ ಇದ ಬೆಂಚಿನ ಮ್ಯಾಲ ಕುಂತ ಇಂಥಾ ಲಾಲ್ ಮುಂಬಯ್ಯಾಗ ಸಿಗಂಗಿಲ್ಲ ಅಂತಿದ್ದಿ. ಅಂಗಡಿ ಹೊಗಳೋ ಗಿರಾಕಿ ಬಾಯಿ ಯಾವ ಅಂಗಡಿಕಾರ ಮುಚ್ಚಸ್ತಾನ?"

"ಚೌಗುಲೆ ಮುಂದ ಕೈ ತಪ್ಪು ಅಂದ್ರಿ."

"ನೀನೂ ಹೌದಂದಿ." ಅಣ್ಣಾ ತಗಡನ್ನು ಅವನ ಕಡೆ ಸರಿಸಿದ. "ಚಾ ಆರಾಕತ್ತೈತಿ, ಕುಡಿ."

ಹಿಂದೂರಾವ್ ಬಂಡಾನ ಕಡೆ ತಿರುಗಿದ. "ನಿನಗ ಗೊತ್ತಿತ್ತೇನೋ?"

"ಎಂಬತ್ತೆರಡರಿಂದ."

"ಹೇಳಬಾರದಾಗಿತ್ತ?"

"ನೀ ಇವರ ಮನಿ ಜಾವಾಯಿ," ಅಂದ ಬಂಡಾ, ಬೀಡಿಯ ಬೂದಿ ಕೊಡವುತ್ತ. "ಮಾವನ ಮನಿ ಪುರಣಪೋಳಿ ಹಳಸೈತಿ ಅಂತ ಜಾವಾಯಿಗೆ ಯಾರ ಹೇಳತಾರ? ತಿನ್ನಲಿ ಬಿಡು ಅಂತ ನೋಡಕೋತ ಕುಂತಿದ್ವಿ."

ಹಿಂದೂರಾವ್ ಚಹಾ ಕುಡಿದ. ಕುಡಿದೇ ಎದ್ದ.

ಆಮೇಲೆ ಅವನು ಚೌಗುಲೆಯ ಅಡತಿಗೆ ಹೋದ. ತಪ್ಪು ಕೈಯದಲ್ಲ, ಕೆಂಪಿನದು. ಈಗ ಹಚ್ಚಿದ್ದೂ ಹೋಗುತ್ತದೆ, ಬೇರೆ ಬಣ್ಣ ತಂದು ಮತ್ತೆ ಹಚ್ಚಿಕೊಡುತ್ತೇನೆ ಅಂದ. ಚೌಗುಲೆ ಬೆಲ್ಲದ ಪೆಂಟಿಯೊಂದನ್ನು ಮುರಿದು ಮೂಸುತ್ತ ಕೇಳಿಸಿಕೊಂಡ.

"ಅಂದು ಆರ ಮಂದಿ ಮುಂದ ಕೈ ಅಂದಿ. ಇವತ್ತ ಬಣ್ಣ ಅಂತಿ. ಆ ಅಂಗಡ್ಯಾಗ ಆಬಾ ಶೇಟೆ ಗುಲಾಬಿ ಹೂ ಇದ್ದಂಗ ಕುಂತಾನ, ಅದಕ್ಕೇನಂತಿ?"

"ಅದು ಹಳೇ ಕೆಂಪು."

"ಹಂಗಾದ್ರ ಅಣ್ಣಾನ್ನ ಕರಕೊಂಬಾ. ಅಂವ ಹೇಳ್ಲಿ."

ಅಣ್ಣಾ ಹೇಳಲಿಲ್ಲ. ಇಪ್ಪತ್ತೆಂಟು ಮನೆಗಳಲ್ಲಿ ಇಪ್ಪತ್ತೆಂಟು ಮಂದಿ ಎರಡನೆಯ ಸಲ ಹಸಿರಾಗುವುದು ಹಿಂದೂರಾವನಿಗೆ ಖಚಿತವಿತ್ತು. ಅದನ್ನು ತಡೆಯುವುದು ಅವನ ಕೈಯಲ್ಲಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ ಮಾತು. ಶೇಟೆ ಲಾಲ್ ನಿಲ್ಲುವುದಿಲ್ಲ ಎಂದು, ಅದೇ ಅಂಗಡಿಯಲ್ಲಿ, ಶೇಟೆ ಮನೆತನದ ಬಾಯಿಂದ, ನಾಲ್ಕು ಜನ ಕೇಳುವ ಹಾಗೆ ಬರಬೇಕಿತ್ತು. ಬೇರೆ ಯಾರ ಬಾಯಿಂದ ಬಂದರೂ ಅದು ಪೇಂಟರನ ನೆಪ.

ಒಂಬತ್ತು ದಿನ ಅವನು ಅಂಗಡಿಗೆ ಹೋಗಲಿಲ್ಲ. ಊಟವಾದ ಮೇಲೆ ಮನೆಯ ಕಟ್ಟೆಯ ಮೇಲೆ ಕೂತು ಎದುರುಮನೆಯ ಎಮ್ಮೆ ನೋಡುತ್ತಿದ್ದ. ಹತ್ತನೆಯ ದಿನ ಅಕ್ಕಾತಾಯಿ ಅವನ ಚಪ್ಪಲಿ ತಂದು ಮುಂದಿಟ್ಟಳು.

"ಹೋಗ್ರಿ. ಎಮ್ಮಿ ಹಾಲ ಕಡಿಮಿ ಕೊಡಾಕತ್ತೈತಂತ, ಅವರು ಆ ತಪ್ಪೂ ನಿಮ್ಮ ಮ್ಯಾಲ ಹಾಕ್ಯಾರು."

ಹೋದ. ಬೆಂಚಿನ ಒಳತುದಿ ಖಾಲಿ ಇತ್ತು. ಅಣ್ಣಾ ಏನೂ ಆಗದವನಂತೆ ಒಂದು ಕುಂಚದ ಕಟ್ಟು ಅವನ ಮುಂದಿಟ್ಟ. ಒಬ್ಬ ವಿದ್ಯಾರ್ಥಿನಿ ಕಾಯುತ್ತಿದ್ದಳು. ಹಿಂದೂರಾವ್ ಒಂದನ್ನೆತ್ತಿ ತುಟಿಗೆ ಹಚ್ಚಿ ಮೊನೆ ಮಾಡಿದ.

2001ರಲ್ಲಿ ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕಿಳಿದು ಅಣ್ಣಾ ಸತ್ತ. ಮೂರು ತಿಂಗಳ ಮೇಲೆ ಮಗ ಕಿಶೋರ ಹಿಂದೂರಾವನ ಮನೆಗೆ ಬಂದ. ಹನ್ನೆರಡು ಮಂದಿ ಒರಗಿ ನಿಂತ ಖೋಲಿಯಲ್ಲಿ ಅವನನ್ನು ಕೂರಿಸಲು ಅಕ್ಕಾತಾಯಿ ಒಬ್ಬ ಪೈಲವಾನನನ್ನು ಸರಿಸಬೇಕಾಯಿತು.

"ಕಾಕಾ, ಅಪ್ಪಾ ಹೇಳಿ ಹೋಗ್ಯಾರ. ಅಜ್ಜನ ಬಾಜೂಕ ಅವರ ಚಿತ್ರ ಬರಬೇಕಂತ. ನೀವ ಬರೀಬೇಕಂತ."

"ನಾನ?"

"ನೀವ. ಮತ್ತ ಅಂಗಡಿ ಲಾಲ್‌ನಾಗ ಬರೀಬೇಕಂತ. ಬ್ಯಾರೆ ಹಚ್ಚಿದ್ರ ಬೆಂಚಿನ ಮಂದಿ ಗುರುತ ಹಿಡೀತಾರ, ಅಂಗಡಿ ಮರ್ಯಾದಿ ಹೋಗತೈತಿ ಅಂದ್ರು."

ಕಿಶೋರ ಹೋದ ಮೇಲೆ ಅಕ್ಕಾತಾಯಿ ಗೂಡಿನಲ್ಲಿದ್ದ ಒಂದು ಸಣ್ಣ ಬಾಟಲಿ ತಂದಿಟ್ಟಳು. ಸೀಳಿದ ಟ್ಯೂಬಿನಿಂದ ತೆಗೆದ ಆಬಾನ ಕೆಂಪು, ನೀರಿನಲ್ಲಿ ಮುಳುಗಿಸಿಟ್ಟದ್ದು. ಈಗ ಹುಣಸೆಬೀಜದಷ್ಟಿತ್ತು.

"ಇದನ್ನ ಹಚ್ಚರಿ. ಇನ್ನ ನಿಮ್ಮ ಕಡೆ ಯಾರೂ ಬರಸೋದಿಲ್ಲ. ಕಡೀ ಚಿತ್ರನಾದ್ರೂ ನಿಲ್ಲಲಿ."

"ಮು‌ಖಕ್ಕ ಸಾಲಂಗಿಲ್ಲ," ಅಂದ ಹಿಂದೂರಾವ್.

ಅಣ್ಣಾನನ್ನು ಅವನು ನೇರ ಎದುರುಮುಖವಾಗಿ, ಎರಡೂ ಕಿವಿ ಕಾಣುವಂತೆ ಬರೆದ. ಹೆಣ ಬರೆಯಲು ಒಂದು ವಾರ ಸಾಕಾಗುತ್ತಿತ್ತು. ಇದಕ್ಕೆ ಮೂರು ವಾರ ತೆಗೆದುಕೊಂಡ. ಹಸಿರಿನಲ್ಲಿ ಕಣ್ಣ ಕೆಳಗಿನ ಚೀಲ, ಮೂಗಿನ ಪಕ್ಕದ ನರಹುಲಿ, ಸಕ್ಕರೆ ಕಾಯಿಲೆಗೆ ಜೋತ ಗಲ್ಲ ಎಲ್ಲವನ್ನೂ ತೀಡಿದ. ಅಷ್ಟು ಪೂರ್ಣವಾದ ಹೆಣವನ್ನು ಅವನು ಮೊದಲು ಬರೆದಿರಲಿಲ್ಲ.

ರಕ್ತ ಹಚ್ಚುವ ದಿನ ಅಂಗಡಿಯಲ್ಲೇ ದೀಪ ಹಚ್ಚಿದರು. ಅಣ್ಣಾನ ಹೆಂಡತಿ, ಕಿಶೋರ, ಸೊಸೆ, ಬೆಂಚಿನ ಮಂದಿ. ಗೋಡೆಯ ಮೇಲೆ ಆಬಾನ ಬಲಗಡೆ ಹೊಸ ಮೊಳೆ ಹೊಡೆದಾಗಿತ್ತು. ಹಿಂದೂರಾವ್ ಎಲ್ಲರೂ ನೋಡುವಂತೆ ಕಪಾಟಿನಿಂದ ಹೊಸ ಶೇಟೆ ಲಾಲ್ ತೆಗೆಸಿ ಮುಚ್ಚಳ ಬಿಚ್ಚಿದ. ಮೂಗು, ಗಲ್ಲ, ತುಟಿ, ಒಂದು ಕಿವಿ. ಆಮೇಲೆ ಕುಂಚವನ್ನು ಎರಡು ಸಲ ತೊಳೆದು, ಜೇಬಿನಿಂದ ಬಾಟಲಿ ತೆಗೆದು, ಆಬಾನ ಕಡೆಗೆ ಬರುವ ಇನ್ನೊಂದು ಕಿವಿಗೆ ಕೈ ಹಾಕಿದ.

"ಅದೇನ ಕಾಕಾ, ಬಾಟ್ಲಿ?" ಕಿಶೋರ ಕೇಳಿದ.

"ಆಬಾ ಅರದಿದ್ದು. ಸ್ವಲ್ಪ ಉಳದಿತ್ತು. ಅಪ್ಪನ ಆಶೀರ್ವಾದ ಮಗನ ಮ್ಯಾಲ ಇರ್ಲಿ ಅಂತ."

ಅಣ್ಣಾನ ಹೆಂಡತಿ ಕೈಮುಗಿದು ಅತ್ತಳು. ಹಸಿಯಲ್ಲಿ ಎರಡೂ ಕಿವಿಗಳು ಒಂದೇ ತರ ಕೆಂಪಗಿದ್ದವು.

ಅಂದಿನಿಂದ ಹಿಂದೂರಾವ್ ಬೆಂಚಿನ ಜಾಗ ಬದಲಿಸಿದ. ಒಳತುದಿಯಿಂದ ಚಿತ್ರ ಕಾಣುತ್ತಿರಲಿಲ್ಲ. ಹೊರತುದಿಗೆ, ಮಳೆಯ ಇರಚಲು ಬಡಿಯುವ ಕಡೆಗೆ ಬಂದ. ನಾಲ್ಕು ಗಂಟೆಗೆ ಬಿಸಿಲು ಒಳಗೆ ಇಳಿದು ಗಾಜಿನ ಕಟ್ಟೆ ಹತ್ತಿ ಗೋಡೆಗೆ ತಲುಪುವುದನ್ನು ನೋಡುತ್ತಿದ್ದ. ಆಕಾಶದಲ್ಲಿ ಮೋಡವಿದ್ದ ದಿನ ಬೇಗ ಎದ್ದು ಹೋಗುತ್ತಿದ್ದ. 2006ರಲ್ಲಿ ಅವನು ನ್ಯುಮೋನಿಯಾ ಆಗಿ ಹದಿನಾರು ದಿನ ಆಸ್ಪತ್ರೆಯಲ್ಲಿದ್ದ. ನೋಡಲು ಬಂದ ಬಂಡಾ ಕಾಸಾರನನ್ನು ಅವನು ಕೇಳಿದ್ದು ಅಣ್ಣಾನ ತುಟಿ ಹೇಗಿದೆ ಎಂದು. ಜ್ವರದ ಮಾತು ಅಂದುಕೊಂಡು ಬಂಡಾ ಅಕ್ಕಾತಾಯಿಗೆ ಸನ್ನೆ ಮಾಡಿದ.

ತುಟಿ ಮೊದಲು ಹೋಯಿತು. ಆಮೇಲೆ ಗಲ್ಲ. ದಿನವೂ ನೋಡುವ ಕಿಶೋರನಿಗೆ ತಿಳಿಯಲಿಲ್ಲ. 2011ರ ಬೇಸಿಗೆಯಲ್ಲಿ ಕಲಾಶಾಲೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕ್ಯಾನ್ವಾಸ್ ಕೊಳ್ಳಲು ಬಂದವಳು ಮೇಲೆ ನೋಡಿ ಕೇಳಿದಳು.

"ಅಂಕಲ್, ಆ ಹಸರ ಅಜ್ಜನ ಕಿವಿ ಯಾರ ಹಿಂಡ್ಯಾರ?"

ಬೆಂಚಿನವರೆಲ್ಲ ತಲೆ ಎತ್ತಿದರು. ಅಣ್ಣಾ ಶೇಟೆ ಹಾಗಲಕಾಯಿಯಂತೆ ಹಸಿರಾಗಿದ್ದ. ಚೀಲ, ನರಹುಲಿ, ಜೋತ ಗಲ್ಲ, ಒಂದೂ ಬಿಡದೆ. ಒಂದು ಕಿವಿ ಮಾತ್ರ ಕೆಂಡದಂತಿತ್ತು. ಆ ಕಿವಿಯ ಮಗ್ಗುಲಲ್ಲಿ ಅಪ್ಪ ಆಬಾ ಗುಲಾಬಿ ಗಲ್ಲ ಹೊತ್ತು, ಆಗಷ್ಟೇ ಕೈ ಕೆಳಗಿಳಿಸಿದವನಂತೆ ಕೂತಿದ್ದ. ಬಂಡಾ ಕಾಸಾರನಿಗೆ ಎಪ್ಪತ್ತು ದಾಟಿತ್ತು. ಅವನು ನಗತೊಡಗಿ, ಕೆಮ್ಮು ಹತ್ತಿ, ಬೆನ್ನು ತಟ್ಟಿಸಿಕೊಂಡ ಮೇಲೂ ನಕ್ಕ.

"ಜಾವಾಯಿ," ಅಂದ, ಕಣ್ಣೊರೆಸಿಕೊಳ್ಳುತ್ತ, "ಒಂಬತ್ತ ವರ್ಷ ಇದನ್ನ ಕಾಯ್ತಾ ಕುಂತಿದ್ದಿಯೇನಲೇ?"

ಹಿಂದೂರಾವ್ ಕಿಶೋರನನ್ನು ನೋಡುತ್ತಿದ್ದ.

ಕಿಶೋರ ಮುಜುಗರಪಟ್ಟ, ಅಷ್ಟೇ. ಹುಡುಗಿಗೆ ಚಿಲ್ಲರೆ ಕೊಟ್ಟು ಕಳಿಸಿ, ಕಪಾಟಿನಿಂದ ಒಂದು ಕಂಪನಿ ಕೆಂಪಿನ ಟ್ಯೂಬು ತೆಗೆದುಕೊಂಡು ಬೆಂಚಿಗೆ ಬಂದ.

"ಕಾಕಾ, ಅಪ್ಪನ ಮುಖಕ್ಕ ಇದರಲೇ ಒಂದ ಕೈ ಹಚ್ಚಿಬಿಡ್ರಿ. ನಮ್ಮ ಲಾಲ್ ನಿಲ್ಲಂಗಿಲ್ಲ, ನಿಮಗೂ ಗೊತ್ತಲ್ಲ."

"ಇನ್ನೊಮ್ಮೆ ಹೇಳು."

"ಈ ಕಂಪನೀದು ಚಲೋ ಐತಿ ಅಂದೆ."

"ಅದಲ್ಲ. ಅದರ ಮ್ಯಾಲಿಂದು."

"ನಮ್ಮ ಶೇಟೆ ಲಾಲ್ ನಿಲ್ಲಂಗಿಲ್ಲ ಅಂತ. ಹೋದ ವರ್ಷನ ಮಾಡೋದ ಬಿಟ್ಟೇವಿ. ಯಾಕ?"

ಬೆಂಚಿನ ಮೇಲೆ ಐದು ಜನರಿದ್ದರು. ಒಬ್ಬ ಬೆಂಕಿಪೊಟ್ಟಣ ಕೇಳಿದ, ಇನ್ನೊಬ್ಬ ಕೊಟ್ಟ. ಯಾರೂ ತಿರುಗಿ ನೋಡಲಿಲ್ಲ. ಅವರಿಗೆ ಅದು ಇಪ್ಪತ್ತೊಂಬತ್ತು ವರ್ಷ ಹಳೆಯ ಸುದ್ದಿ. ಈ ಮಾತನ್ನು ಕೇಳಬೇಕಾಗಿದ್ದ ದಿನಕರ ಚೌಗುಲೆ ಸತ್ತು ಎರಡು ವರ್ಷವಾಗಿತ್ತು. ಅವನ ಮಕ್ಕಳು ಅಜ್ಜನ ಹಸಿರು ಚಿತ್ರವನ್ನು ಗೋದಾಮಿಗೆ ಹಾಕಿ, ಅಪ್ಪನದೊಂದು ಫ್ಲೆಕ್ಸ್ ಮಾಡಿಸಿ ಗೋಡೆಗೇರಿಸಿದ್ದರು. ಇಪ್ಪತ್ತೆಂಟು ಮನೆಗಳಲ್ಲಿ ಯಾವುದೂ ಎರಡನೆಯ ಸಲ ಚಿತ್ರ ಹೊತ್ತು ತಂದಿರಲಿಲ್ಲ.

"ಏನಿಲ್ಲ," ಅಂದ ಹಿಂದೂರಾವ್.

ಟ್ಯೂಬನ್ನು ಜೇಬಿಗಿಟ್ಟುಕೊಂಡು ಮನೆಗೆ ಹೋದ. ಮಳೆಗಾಲದುದ್ದಕ್ಕೂ ಅದನ್ನು ಖರ್ಚು ಮಾಡಿ ಒಳಖೋಲಿಯ ಹನ್ನೆರಡು ಮಂದಿಗೆ ಮೂರನೆಯ ಸಲ ರಕ್ತ ಹಚ್ಚಿದ. ವಯಸ್ಸಾಗಿತ್ತು, ಹದಿನೆಂಟರ ಸೊಸೆಯ ಕಿವಿ ಮೊದಲಿನಷ್ಟು ಚೆನ್ನಾಗಿ ಬರಲಿಲ್ಲ. ಕಂಪನಿಯ ಕೆಂಪು ನಿಲ್ಲುತ್ತದೆ ಅನ್ನುತ್ತಾರೆ. ಒಬ್ಬರನ್ನೂ ಯಾರೂ ಒಯ್ದಿಲ್ಲ. ಪೈಲವಾನನ ಹೆಗಲಿಗೆ ಅಕ್ಕಾತಾಯಿ ಒದ್ದೆ ಬಟ್ಟೆ ಒಣಹಾಕುತ್ತಾಳೆ.

ಅಣ್ಣಾ ಗೋಡೆಯ ಮೇಲೆ ಹಾಗೇ ಇದ್ದಾನೆ. ಕಿಶೋರ ಇನ್ನೊಬ್ಬ ಪೇಂಟರನನ್ನು ಕರೆಯಬಹುದಿತ್ತು. ಹಿಂದೂರಾವ್ ಬದುಕಿರುವಾಗ ಅವನ ಚಿತ್ರ ಮುಟ್ಟಲು ಬೆಂಚಿನವರು ಯಾರೂ ಒಪ್ಪುವುದಿಲ್ಲ. ತೆಗೆದಿಡಬಹುದಿತ್ತು, ತಾಯಿ ಬಿಡುವುದಿಲ್ಲ, ಮೇಲಾಗಿ ಆ ಕಿವಿ ನೋಡಲೆಂದೇ ಕಲಾಶಾಲೆಯ ಹುಡುಗರು ಬರುತ್ತಾರೆ, ಬಂದವರು ಏನಾದರೂ ಕೊಳ್ಳುತ್ತಾರೆ.

ಸೋಮವಾರ ಸೋಮವಾರ ಕಿಶೋರ ಬೆಂಚಿನ ಹೊರತುದಿಗೆ ಚಹಾ ಕಳಿಸಿ ಕಟ್ಟೆಯ ಹಿಂದಿನಿಂದ ಕೇಳುತ್ತಾನೆ.

"ಕಾಕಾ, ಅಪ್ಪನ್ನ ಯಾವಾಗ ಮುಗಸ್ತೀರಿ?"

"ನಾಳೆ," ಅನ್ನುತ್ತಾನೆ ಹಿಂದೂರಾವ್, ಮತ್ತು ಹುಡುಗರಿಗೆ ಕುಂಚ ಆರಿಸಿಕೊಡುತ್ತಾನೆ.